ಮುಳುಗಿದ ಚರ್ಚ್, ಮುಳುಗದ ಜಪಮಾಲೆ: ಹೇಮಾವತಿ ದಂಡೆಯ ದಿನದ ಪ್ರಾರ್ಥನೆಯ ಕತೆ

ಇವತ್ತಿನ ಎಪಿಸೋಡ್‌ನಲ್ಲಿ ಹಾಸನ ಜಿಲ್ಲೆಗೆ ಹೋಗೋಣ.

ಶೆಟ್ಟಿಹಳ್ಳಿ ಚರ್ಚ್‌ನ ಫೋಟೋವನ್ನ ನಿಮ್ಮಲ್ಲಿ ಹೆಚ್ಚಿನವರು ನೋಡಿರ್ತೀರಿ. ಮಳೆಗಾಲ ಶುರುವಾದ ಕೂಡಲೇ ಇನ್‌ಸ್ಟಾಗ್ರಾಂನಲ್ಲಿ ಅದರ ರೀಲ್ಸ್ ಓಡಾಡೋಕೆ ಶುರುವಾಗುತ್ತೆ. ಚಾವಣಿ ಇಲ್ಲದ ದೊಡ್ಡ ಕಟ್ಟಡ, ಸಾಲು ಸಾಲು ಕಮಾನು, ಸುತ್ತ ಹೇಮಾವತಿಯ ಹಿನ್ನೀರು. "ಮುಳುಗುವ ಚರ್ಚ್" ಅಂತಾನೇ ಅದಕ್ಕೆ ಹೆಸರು ಬಿದ್ದುಬಿಟ್ಟಿದೆ.

ಅದರ ಮೂಲ ಹೆಸರು ಕೇಳಿದವರು ಕಡಿಮೆ. ಅದು ರೋಸರಿ ಚರ್ಚ್. ಕನ್ನಡದಲ್ಲಿ ಹೇಳೋದಾದ್ರೆ ಜಪಮಾಲೆಯ ಚರ್ಚ್. ಇವತ್ತಿನ ನಮ್ಮ ಕತೆ ಇರೋದು ಆ ಹೆಸರಿನಲ್ಲಿ. ಕಟ್ಟಡ ನೀರು ಪಾಲಾಯ್ತು, ಜಪಮಾಲೆ ಮಾತ್ರ ಜನರ ಕೈಯಲ್ಲೇ ಉಳೀತು. ಅದು ಹೇಗೆ?

ಪ್ರಶ್ನೆಯನ್ನ ಇನ್ನೂ ಸ್ವಲ್ಪ ಬಿಡಿಸಿ ಇಡ್ತೀನಿ. ಈ ಸೀಮೆಯ ಕ್ರೈಸ್ತರಿಗೆ ಗುರುಗಳೇ ಸಿಗದ ಕಾಲ ಒಂದಿತ್ತು. ಕೈಯಲ್ಲಿ ಪುಸ್ತಕ ಇರದ ಕಾಲ ಇತ್ತು. ಚರ್ಚಿನೊಳಗಿನ ಪೂಜೆ ಅರ್ಥವಾಗದ ಭಾಷೆಯಲ್ಲಿ ನಡೀತಿದ್ದ ಕಾಲ ಇತ್ತು. ಕೊನೆಗೆ ಚರ್ಚೇ ಇಲ್ಲದಾದ ಕಾಲವೂ ಬಂತು. ಈ ನಾಲ್ಕನ್ನೂ ದಾಟಿ ದಿನದಿನದ ಪ್ರಾರ್ಥನೆ ಉಳಿದು ಬಂದಿದ್ದು ಹೇಗೆ ಅನ್ನೋದೇ ಇವತ್ತಿನ ವಿಷಯ. ನೀವು ಯಾವ ಧರ್ಮದವರೇ ಆಗಿರಿ, ಯಾವುದನ್ನೂ ನಂಬದವರೇ ಆಗಿರಿ, ಒಂದು ಸಣ್ಣ ಅಭ್ಯಾಸ ತಲೆಮಾರುಗಳನ್ನ ದಾಟೋದು ಹೇಗೆ ಅನ್ನೋದು ನಮಗೆಲ್ಲ ಸಂಬಂಧಪಟ್ಟ ಪ್ರಶ್ನೆ.

ಮೊದಲು ನಕ್ಷೆ

ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಹತ್ತಿರ. ಅಲ್ಲಿಂದ ಇಳಿದು ಸಕಲೇಶಪುರ ಪೇಟೆಯ ಮಗ್ಗುಲಲ್ಲೇ ಹರಿದು, ಆಲೂರು ಸೀಮೆ ದಾಟಿ, ಗೊರೂರಿಗೆ ಬರ್ತಾಳೆ. ಗೊರೂರು ಅಂದ್ರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು. ಅಣೆಕಟ್ಟು ಇರೋದೂ ಅಲ್ಲೇ. ಆ ಅಣೆಕಟ್ಟಿನ ಹಿನ್ನೀರಿನಲ್ಲಿರೋದು ಶೆಟ್ಟಿಹಳ್ಳಿ.

ಮೇಲೆ, ಪಶ್ಚಿಮಕ್ಕೆ, ಕಾಫಿ ಗುಡ್ಡಗಳು. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ತಾಲ್ಲೂಕು ಅಂತಲೇ ಹೆಸರಿತ್ತು. ಕೆಳಗೆ, ಪೂರ್ವಕ್ಕೆ, ರಾಗಿ ಭತ್ತದ ಅರೆಮಲೆನಾಡು. ನಡುವೆ ಆಲೂರು. ನಮ್ಮ ಕತೆ ಕೆಳಗಿನ ಹಳ್ಳಿಗಳಲ್ಲಿ ಶುರುವಾಗಿ, ಮೇಲಿನ ತೋಟಗಳಿಗೆ ಹತ್ತಿ, ಮತ್ತೆ ನದಿ ಜೊತೆ ಕೆಳಗೆ ಇಳಿಯುತ್ತೆ.

ಗುರುಗಳಿಲ್ಲದ ಕಾಲ

ಮೈಸೂರು ಸೀಮೆಯಲ್ಲಿ ಕನ್ನಡದ ಕ್ರೈಸ್ತ ಪ್ರಾರ್ಥನೆ ಇವತ್ತು ನಿನ್ನೆಯದಲ್ಲ. 1648ರ ಸುಮಾರಿಗೆ ಲಿಯೊನಾರ್ಡೊ ಚಿನ್ನಮಿ ಅನ್ನೋ ಇಟಲಿಯ ಜೆಸ್ವಿಟ್ ಗುರು ಶ್ರೀರಂಗಪಟ್ಟಣಕ್ಕೆ ಬಂದ್ರು. ಕಂಠೀರವ ನರಸರಾಜ ಒಡೆಯರ ಕಾಲ ಅದು. ಚಿನ್ನಮಿ ಕನ್ನಡ ಕಲಿತು ವ್ಯಾಕರಣ ಬರೆದ್ರು, ಪದಕೋಶ ಮಾಡಿದ್ರು, ಜೊತೆಗೆ ಧರ್ಮದ ಪಾಠಗಳನ್ನ ಪ್ರಶ್ನೋತ್ತರದ ರೂಪದಲ್ಲಿ ಕನ್ನಡಕ್ಕೆ ತಂದ್ರು. ಅಚ್ಚುಕೂಟದ ಮಾತೇ ಇಲ್ಲದ ಕಾಲ. ಕಲಿಯೋರು ಕಲೀತಿದ್ದದ್ದು ಕಿವಿಯಿಂದ, ಕಾಪಾಡ್ತಿದ್ದದ್ದು ಬಾಯಿಪಾಠದಿಂದ.

ಮುಂದೆ ನೂರು ವರ್ಷ ಈ ಮಿಷನ್ ಹೇಗೋ ನಡೀತು. ಆಮೇಲೆ ಯುರೋಪಿನ ರಾಜಕಾರಣ ಇಲ್ಲಿಗೂ ತಟ್ಟಿತು. 1759ರಲ್ಲಿ ಪೋರ್ಚುಗಲ್ ಜೆಸ್ವಿಟ್ಟರನ್ನ ಹೊರಗೆ ಹಾಕಿತು. 1773ರಲ್ಲಿ ಪೋಪ್ ಆ ಸಂಘವನ್ನೇ ವಿಸರ್ಜಿಸಿದ್ರು. ಇಲ್ಲಿದ್ದ ಗುರುಗಳು ವಯಸ್ಸಾಗಿ ತೀರಿಕೊಂಡ್ರೆ ಅವರ ಜಾಗಕ್ಕೆ ಬರೋರು ಇಲ್ಲ. ಅಷ್ಟರಲ್ಲಿ ಮೈಸೂರು ಯುದ್ಧಗಳು. 1784ರಲ್ಲಿ ಟಿಪ್ಪು ಸುಲ್ತಾನ್ ಮಂಗಳೂರು ಕಡೆಯ ಕ್ರೈಸ್ತರನ್ನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಎಷ್ಟು ಸಾವಿರ ಜನ ಅನ್ನೋದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬೀಳೋವರೆಗೆ ಹದಿನೈದು ವರ್ಷ ಅವರು ಘಟ್ಟದ ಮೇಲೇ ಇದ್ರು.

ಈಗ ಯೋಚನೆ ಮಾಡಿ. ಪೂಜೆ ಅರ್ಪಿಸೋಕೆ ಗುರುಗಳು ಬೇಕು. ಪಾಪನಿವೇದನೆ ಕೇಳೋಕೆ ಗುರುಗಳು ಬೇಕು. ಕಥೋಲಿಕ ಧರ್ಮದಲ್ಲಿ ದೊಡ್ಡ ಆಚರಣೆಗಳೆಲ್ಲ ಗುರುಗಳ ಸುತ್ತಲೇ ಇವೆ. ಗುರುಗಳಿಲ್ಲದೆ ಮನೆಯವರೇ ಮಾಡಬಹುದಾದದ್ದು ಏನು? ಶಿಲುಬೆ ಗುರುತು ಹಾಕಿಕೊಳ್ಳೋದು, ಪ್ರಭುವಿನ ಪ್ರಾರ್ಥನೆ, ಜಪಮಾಲೆ. ಕಷ್ಟದ ಕಾಲದಲ್ಲಿ ಧರ್ಮದ ಪೂರ್ತಿ ಭಾರ ಬಿದ್ದದ್ದು ಈ ಮೂರು ಸಣ್ಣ ಅಭ್ಯಾಸಗಳ ಮೇಲೆ.

ಸಾತಳ್ಳಿಯ ದೊಡ್ಡಸ್ವಾಮಿ

1799ರ ನಂತರ ಚದುರಿ ಹೋದ ಕ್ರೈಸ್ತರನ್ನ ಒಟ್ಟು ಮಾಡೋಕೆ ಬಂದವರು ಫ್ರಾನ್ಸಿನ ಗುರು ಅಬ್ಬೆ ದುಬೊಯ್. ಪೂರ್ತಿ ಹೆಸರು ಜಾನ್ ಆಂತ್ವಾನ್ ದುಬೊಯ್, ಹುಟ್ಟಿದ್ದು 1766ರಲ್ಲಿ. ಬಿಳಿ ನಿಲುವಂಗಿ, ತಲೆಗೆ ರುಮಾಲು, ಊಟ ಉಡುಗೆ ಎಲ್ಲ ಇಲ್ಲಿಯವರ ಥರವೇ. ಈ ಕಡೆಯ ಕ್ರೈಸ್ತರು ಅವರನ್ನ ಕರೀತಿದ್ದದ್ದು ದೊಡ್ಡಸ್ವಾಮಿ ಅಯ್ಯನವರು ಅಂತ.

ದುಬೊಯ್ ನೆಲೆ ತಪ್ಪಿದ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ಊರುಗಳನ್ನ ಕಟ್ಟಿಸಿದ್ರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಹತ್ತಿರದ ಸಾತಳ್ಳಿ. ಸಿಡುಬಿನ ವಿರುದ್ಧ ದೇವಿ ಹಾಕಿಸೋ ಕೆಲಸದಲ್ಲೂ ಇವರ ಹೆಸರು ದೊಡ್ಡದು. 1803-04ರಲ್ಲಿ ಇವರ ಮುಂದಾಳತ್ವದಲ್ಲಿ ದೇವಿ ಹಾಕಿಸಿಕೊಂಡವರ ಸಂಖ್ಯೆ 25,432 ಅಂತ ದಾಖಲೆ ಇದೆ. ಜನರ ಆಚಾರ ವಿಚಾರಗಳ ಬಗ್ಗೆ ಇವರು ಕೊಟ್ಟ ಹಸ್ತಪ್ರತಿಯನ್ನ ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿಗೆ ಬಂತು.

ನನಗೆ ಹೆಚ್ಚು ಕುತೂಹಲ ಇರೋದು ಅವರ ಇನ್ನೊಂದು ಪುಸ್ತಕದ ಬಗ್ಗೆ. 1823ರಲ್ಲಿ ದುಬೊಯ್ ಫ್ರಾನ್ಸಿಗೆ ವಾಪಸ್ ಹೋದ್ರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ ಅವರ ಪತ್ರಗಳು ಪುಸ್ತಕವಾಗಿ ಬಂದ್ವು. ಅದರ ಸಾರ ಏನು ಗೊತ್ತಾ? ಇಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯ ಇಲ್ಲ. ಇಪ್ಪತ್ತೈದು ವರ್ಷ ದುಡಿದ್ರೂ ತಾನು ಧರ್ಮಕ್ಕೆ ತಂದದ್ದು ಇನ್ನೂರು ಮುನ್ನೂರು ಜನರನ್ನ ಮಾತ್ರ, ಅವರಲ್ಲೂ ಗಟ್ಟಿ ನಂಬಿಕೆಯವರು ವಿರಳ ಅಂತ ಅವರ ಕೊರಗು. ಬೈಬಲ್ ಅನುವಾದ ಮಾಡಿ ಹಂಚೋದರಿಂದಲೂ ಪ್ರಯೋಜನ ಇಲ್ಲ ಅಂತ ವಾದಿಸಿದ್ರು. ಪ್ರಾಟೆಸ್ಟೆಂಟ್ ಮಿಷನರಿಗಳು ಸಿಟ್ಟಾಗಿ ಉತ್ತರ ಬರೆದ್ರು. ದೊಡ್ಡ ಜಗಳವೇ ಆಯ್ತು.

ಆದ್ರೆ ಸಾತಳ್ಳಿ ಉಳೀತು. ಸ್ಥಾಪಕರೇ ಕೈಬಿಟ್ಟ ಲೆಕ್ಕದಲ್ಲಿ ಊರು ಉಳಿದು ಬೆಳೀತು. 1860ರ ದಶಕದ ಹೊತ್ತಿಗೆ ಅದೇ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಅಷ್ಟು ದೊಡ್ಡ ಗೋಥಿಕ್ ಚರ್ಚ್ ಕಟ್ಟಿಸ್ತಾರೆ ಅಂದ್ರೆ, ಅದನ್ನ ತುಂಬೋ ಜನ ಇದ್ರು ಅಂತಲೇ ಅರ್ಥ.

ದುಬೊಯ್ ತಪ್ಪಿದ್ದು ಎಲ್ಲಿ? ಇದು ನನ್ನ ಓದು, ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು. ಅವರು ಎಣಿಸಿದ್ದು ಹೊಸದಾಗಿ ಎಷ್ಟು ಜನ ಬಂದ್ರು ಅನ್ನೋದನ್ನ. ಇರೋರು ಸಂಜೆ ಮನೆಯಲ್ಲಿ ಏನು ಮಾಡ್ತಾರೆ ಅನ್ನೋದು ಅವರ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ನಾನು ಬಿಕಾಂ ಓದಿದವನು, ಹಾಗಾಗಿ ನನಗೆ ಇದು ಹೀಗೆ ಕಾಣುತ್ತೆ: ಅವರು ನೋಡಿದ್ದು ಆ ವರ್ಷದ ವ್ಯಾಪಾರ. ಜನ ಕಟ್ತಾ ಇದ್ದದ್ದು ಆರ್‌ಡಿ. ದಿನಕ್ಕೆ ಸಣ್ಣ ಕಂತು, ತಪ್ಪದೆ.

ಐವತ್ತೊಂಬತ್ತು ಮಣಿಗಳ ಲೆಕ್ಕ

ಹಾಗಾದ್ರೆ ಈ ಕಂತು ಅನ್ನೋದು ಏನು? ಜಪಮಾಲೆ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸಾಧಾರಣ ಜಪಸರದಲ್ಲಿ 59 ಮಣಿ ಇರುತ್ತೆ. 53 ಚಿಕ್ಕವು, 6 ದೊಡ್ಡವು. ದೊಡ್ಡ ಮಣಿಗೆ ಯೇಸು ತಾವೇ ಕಲಿಸಿದ ಪ್ರಭುವಿನ ಪ್ರಾರ್ಥನೆ. ಚಿಕ್ಕ ಮಣಿಗೆ ನಮೋ ಮರಿಯ. ಹತ್ತು ಹತ್ತರ ಐದು ಸುತ್ತು. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ.

ಬರೀ ಹೇಳಿದ್ದನ್ನೇ ಹೇಳೋದಾ ಅಂತ ಕೇಳಬಹುದು. ಇಲ್ಲೇ ಒಂದು ಜಾಣತನ ಇದೆ. ಪ್ರತಿ ಹತ್ತು ಮಣಿಗೆ ಮೊದಲು ಕ್ರಿಸ್ತನ ಬದುಕಿನ ಒಂದು ಘಟನೆಯನ್ನ ಹೆಸರಿಸ್ತಾರೆ. ದೇವದೂತ ಮರಿಯಳಿಗೆ ಸುದ್ದಿ ತಂದದ್ದು, ಗೋದಲಿಯಲ್ಲಿ ಮಗು ಹುಟ್ಟಿದ್ದು, ಶಿಲುಬೆ ಹೊತ್ತು ನಡೆದದ್ದು, ಸಮಾಧಿಯಿಂದ ಎದ್ದದ್ದು, ಹೀಗೆ. ಇವನ್ನ ರಹಸ್ಯಗಳು ಅಂತ ಕರೀತಾರೆ. ಸಂತೋಷದ ಐದು, ದುಃಖದ ಐದು, ಮಹಿಮೆಯ ಐದು. ಬಾಯಿ ಜಪ ಮಾಡ್ತಿರುತ್ತೆ, ಮನಸ್ಸು ಆ ಘಟನೆಯೊಳಗೆ ಓಡಾಡ್ತಿರುತ್ತೆ. ವಾರ ಕಳೆಯೋದರೊಳಗೆ ಒಂದಕ್ಷರ ಓದೋಕೆ ಬಾರದವರೂ ಇಡೀ ಕತೆಯನ್ನ ಒಂದು ಸುತ್ತು ಧ್ಯಾನಿಸಿ ಮುಗಿಸಿರ್ತಾರೆ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೆಳಕಿನ ರಹಸ್ಯಗಳು ಅಂತ ಇನ್ನೂ ಐದು ಸೇರಿಸಿದ್ರು.

ಹಳೆಯ ಲೆಕ್ಕದಲ್ಲಿ ಪೂರ್ತಿ ಜಪಮಾಲೆ ಅಂದ್ರೆ 150 ನಮೋ ಮರಿಯ. ಯಾಕೆ 150? ಬೈಬಲ್ಲಿನಲ್ಲಿ ಕೀರ್ತನೆಗಳು 150. ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಆ ಕೀರ್ತನೆಗಳನ್ನ ಓದ್ತಿದ್ರು. ಓದು ಬಾರದ ರೈತರು ಅದಕ್ಕೆ ಬದಲಾಗಿ 150 ಸಲ ಜಪ ಎಣಿಸ್ತಿದ್ರು. ಅಂದ್ರೆ ಜಪಮಾಲೆ ಹುಟ್ಟಿದ್ದೇ ಪುಸ್ತಕ ಇಲ್ಲದವರ ಪುಸ್ತಕವಾಗಿ. ಮಂಗಳೂರಿನ ಕೊಂಕಣಿಯಲ್ಲಿ ಜಪಮಾಲೆಗೆ ತೇರ್ಸ್ ಅಂತಾರಲ್ಲ, ಅದು ಪೋರ್ಚುಗೀಸ್ ಪದ. ಮೂರನೇ ಒಂದು ಪಾಲು ಅಂತ ಅರ್ಥ. ನೂರೈವತ್ತರಲ್ಲಿ ಐವತ್ತು. ಅದೇ ಪೋರ್ಚುಗೀಸ್‌ನಲ್ಲಿ ಕೊಂತಾ ಅಂದ್ರೆ ಮಣಿಯೂ ಹೌದು, ಲೆಕ್ಕವೂ ಹೌದು. ಇಂಗ್ಲಿಷಿನ ಬೀಡ್ ಪದಕ್ಕೆ ಮೊದಲಿದ್ದ ಅರ್ಥ ಪ್ರಾರ್ಥನೆ. ಭಾಷೆಗಳಿಗೇ ಈ ಸಂಬಂಧ ಗೊತ್ತಿದೆ.

ಈಗ ಮುಖ್ಯವಾದ ವಿಷಯ. ನಮೋ ಮರಿಯ ಎರಡು ತುಂಡಿನ ಪ್ರಾರ್ಥನೆ. ಮೊದಲರ್ಧ ಲೂಕನ ಸುವಾರ್ತೆಯಿಂದ ಬಂದ ವಂದನೆ. ಎರಡನೇ ಅರ್ಧ ಬೇಡಿಕೆ, ಈಗಲೂ ನಮ್ಮ ಸಾವಿನ ಹೊತ್ತಿನಲ್ಲೂ ನಮಗಾಗಿ ಬೇಡಿಕೋ ಅನ್ನೋ ಅರ್ಥದ್ದು. ಮನೆಯಲ್ಲಿ ಜಪ ಮಾಡೋವಾಗ ಒಬ್ಬರು ಮೊದಲರ್ಧ ಹೇಳ್ತಾರೆ, ಉಳಿದವರು ಎರಡನೇ ಅರ್ಧ ಹೇಳಿ ಮುಗಿಸ್ತಾರೆ. ಒಬ್ಬರ ದನಿ ನಿಂತ ಕಡೆ ಇನ್ನೊಬ್ಬರ ದನಿ ಎತ್ತಿಕೊಳ್ಳುತ್ತೆ. ಹಾಗಾಗಿ ಅಜ್ಜಿ ಶುರು ಮಾಡಿದ್ರೆ ಮೊಮ್ಮಗ ಮುಗಿಸಲೇಬೇಕು. ನಾಲ್ಕು ವರ್ಷದ ಮಗುವಿಗೂ ಅಲ್ಲಿ ಕೆಲಸ ಇದೆ. ಯಾರೂ ಕೂತು ಪಾಠ ಹೇಳೋದಿಲ್ಲ, ಉತ್ತರ ಕೊಡ್ತಾ ಕೊಡ್ತಾ ಮಗು ಕಲಿತುಬಿಡುತ್ತೆ. ಸ್ವಲ್ಪ ದೊಡ್ಡದಾದ ಮೇಲೆ ಒಂದು ಸುತ್ತು ಅದೇ ಶುರು ಮಾಡುತ್ತೆ. ಈ ವಿಷಯವನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಇಲ್ಲಿಗೇ ಬರ್ತೀನಿ.

ಘಟ್ಟ ಹತ್ತಿ ಬಂದ ಜಪ

ಈಗ ನದಿಗೆದುರಾಗಿ ಮೇಲಕ್ಕೆ, ಸಕಲೇಶಪುರದ ಕಡೆ ಹೋಗೋಣ.

ಮಂಜರಾಬಾದ್ ಸೀಮೆಯಲ್ಲಿ ಗ್ರೀನ್ ಅನ್ನೋ ಇಂಗ್ಲಿಷ್ ಪ್ಲಾಂಟರ್ 1843ರಲ್ಲಿ ಕಾಫಿ ತೋಟ ಶುರು ಮಾಡಿದ. 1856ರಲ್ಲಿ ರಾಬರ್ಟ್ ಎಲಿಯಟ್ ಬಂದ. ಮುಂದೆ ಈ ಸೀಮೆಯ ತೋಟಗಾರಿಕೆ ಬಗ್ಗೆ ಪುಸ್ತಕಗಳನ್ನೇ ಬರೆದ ಪ್ಲಾಂಟರ್ ಇವನು. ತೋಟ ಅಂದ್ಮೇಲೆ ಆಳು ಬೇಕು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಜನರನ್ನ ಕರ್ಕೊಂಡು ಬಂದ್ರು. ಕಾಲ ಕಳೆದ ಹಾಗೆ ಮಂಗಳೂರು ಕಡೆಯ ಕ್ರೈಸ್ತರೂ ಘಟ್ಟ ಹತ್ತಿದ್ರು. ಕೆಲವರು ರೈಟರ್ ಆಗಿ, ಕೆಲವರು ಕೂಲಿಗೆ, ಆಮೇಲೆ ಕೆಲವರು ತೋಟದ ಮಾಲೀಕರಾಗಿ. ಟಿಪ್ಪುವಿನ ಕಾಲದಲ್ಲಿ ಸೆರೆಯಾಳಾಗಿ ಘಟ್ಟ ಹತ್ತಿದ ಸಮುದಾಯ ಈ ಸಲ ಹೊಟ್ಟೆಪಾಡಿಗಾಗಿ ತಾನಾಗೇ ಹತ್ತಿತು.

ಒಂದು ತೋಟದಲ್ಲಿ ತುಳು, ಕೊಂಕಣಿ, ತಮಿಳು, ಮಲಯಾಳ, ಕನ್ನಡ ಎಲ್ಲ ಇರುತ್ತೆ. ಚರ್ಚ್ ಇರೋದು ಪೇಟೆಯಲ್ಲಿ, ಮೈಲಿಗಟ್ಟಲೆ ಆಚೆ. ಜೂನ್‌ನಲ್ಲಿ ಮಳೆ ಹಿಡಿದ್ರೆ ಹಳ್ಳ ದಾಟೋ ಹಾಗಿಲ್ಲ. ಭಾನುವಾರದ ಪೂಜೆ ತಪ್ಪಿದ್ರೂ ಸಂಜೆಯ ಜಪ ತಪ್ಪೋದಿಲ್ಲ. ಲೈನ್ ಮನೆಯ ಒಂದು ಕೋಣೆ, ಸೀಮೆಎಣ್ಣೆ ಬುಡ್ಡಿ, ಗೋಡೆಯ ಮೇಲೊಂದು ಪಟ, ಅಷ್ಟಿದ್ರೆ ಆಯ್ತು. ಕಟ್ಟಿಸೋ ಖರ್ಚಿಲ್ಲ, ಅಪ್ಪಣೆ ಕೇಳಬೇಕಾಗಿಲ್ಲ. ತೋಟ ಬದಲಾಯಿಸಿದ್ರೆ ಪೆಟ್ಟಿಗೆಯ ಜೊತೆ ಜಪಸರವೂ ಹೊರಡುತ್ತೆ.

ಅಕ್ಟೋಬರ್ ತಿಂಗಳು ಜಪಮಾಲೆಯ ತಿಂಗಳು. 1883ರಲ್ಲಿ ಹದಿಮೂರನೇ ಲಿಯೋ ಪೋಪ್ ಹಾಗೆ ಗೊತ್ತುಮಾಡಿದ್ದು. ನಮ್ಮ ಮಲೆನಾಡಿಗೆ ಅದು ಚೆನ್ನಾಗಿ ಹೊಂದಿಕೊಂಡಿತು. ಮಳೆ ಹಿಂದೆ ಸರಿದಿರುತ್ತೆ, ಅರೇಬಿಕಾ ಹಣ್ಣು ಕೊಯ್ಲಿಗೆ ಇನ್ನೂ ಸ್ವಲ್ಪ ದಿನ ಇರುತ್ತೆ. ಸಂಜೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಒಟ್ಟಿಗೆ ಜಪ ಮಾಡೋಕೆ ಹೇಳಿ ಮಾಡಿಸಿದ ಹೊತ್ತು.

ಪುಸ್ತಕದ ದಾರಿ

ಇದೇ ಜಿಲ್ಲೆಯಲ್ಲಿ ದಿನದ ಪ್ರಾರ್ಥನೆಗೆ ಇನ್ನೊಂದು ದಾರಿಯೂ ಇತ್ತು. ಅದು ಪ್ರಾಟೆಸ್ಟೆಂಟರದ್ದು. ಹಾಸನದಲ್ಲಿ ವೆಸ್ಲಿಯನ್ ಮಿಷನ್ ಇತ್ತು, ಅಲ್ಲಿನ ರೆಡ್‌ಫರ್ನ್ ಆಸ್ಪತ್ರೆ ಅವರು ಕಟ್ಟಿಸಿದ್ದು. ಇವರ ದಿನ ಶುರುವಾಗೋದು ಓದಿನಿಂದ. ಬೈಬಲ್ಲಿನ ಒಂದು ಭಾಗ, ಅದರ ಮೇಲೆ ಸ್ವಲ್ಪ ಹೊತ್ತು ಧ್ಯಾನ, ಆಮೇಲೆ ತಮ್ಮದೇ ಮಾತಿನಲ್ಲಿ ಪ್ರಾರ್ಥನೆ. ಇದನ್ನ ಕುಟುಂಬ ಪ್ರಾರ್ಥನೆ ಅಂತ ಕರೀತಾರೆ.

ಇದಕ್ಕೆ ಕನ್ನಡ ಬೈಬಲ್ ಬೇಕಿತ್ತು. ಬಳ್ಳಾರಿಯಲ್ಲಿ 1810ರಿಂದ ಕೆಲಸ ಮಾಡಿದ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಪೂರ್ತಿ ಬೈಬಲ್ಲನ್ನ ಕನ್ನಡಕ್ಕೆ ತಂದ್ರು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅದನ್ನ ತಿದ್ದಿ ಬೆಳೆಸಿದ್ರು. 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ಲರು ಅದೇ ಮಿಷನ್ನಿನವರು. 1862ರಲ್ಲಿ ಅವರು ಕಥಾಮಾಲೆ ಅನ್ನೋ ಹೆಸರಿನಲ್ಲಿ ಕ್ರಿಸ್ತನ ಕತೆಯನ್ನ ಕನ್ನಡದ್ದೇ ಛಂದಸ್ಸಿನಲ್ಲಿ ಹಾಡೋ ಹಾಗೆ ಬರೆದ್ರು. ಜನ ಓದೋದಕ್ಕಿಂತ ಹೆಚ್ಚು ಕೇಳ್ತಾರೆ, ಹಾಡ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು.

ಈಗ ನಿಮ್ಮ ಫೋನಿನಲ್ಲಿ ಬೆಳಗ್ಗೆ ಬೆಳಗ್ಗೆ ಬರುತ್ತಲ್ಲ, ಇವತ್ತಿನ ವಚನ ಅಂತ, ಹಿಂದೆ ಸೂರ್ಯೋದಯದ ಚಿತ್ರ ಹಾಕಿ? ಅದಕ್ಕೂ ಒಂದು ಅಜ್ಜ ಇದ್ದಾನೆ. ಜರ್ಮನಿಯ ಹರ್ನ್‌ಹುಟ್ ಅನ್ನೋ ಊರಿನಲ್ಲಿ 1728ರಲ್ಲಿ ಮೊರೇವಿಯನ್ ಸಮುದಾಯದವರು ಒಂದು ಪದ್ಧತಿ ಶುರು ಮಾಡಿದ್ರು. ದಿನಕ್ಕೊಂದು ವಾಕ್ಯ, ಅದನ್ನ ಒಬ್ಬರು ಮನೆ ಮನೆಗೆ ಹೋಗಿ ತಿಳಿಸೋದು. 1731ರಿಂದ ಇಡೀ ವರ್ಷದ ವಾಕ್ಯಗಳನ್ನ ಚೀಟಿ ಎತ್ತಿ ಆರಿಸಿ ಪುಸ್ತಕವಾಗಿ ಅಚ್ಚು ಹಾಕೋಕೆ ಶುರು ಮಾಡಿದ್ರು. ಇವತ್ತಿಗೂ ಪ್ರತಿವರ್ಷ ಬರುತ್ತೆ. ಅಂದ್ರೆ ದಿನದ ವಚನ ಕೂಡ ಮೊದಲು ಬಾಗಿಲು ಬಡಿದು, ಮುಖ ನೋಡಿ ಹೇಳ್ತಿದ್ದ ಮಾತು.

ಪುಸ್ತಕದ ದಾರಿ ಜನರಿಗೆ ಅಕ್ಷರ ಕಲಿಸ್ತು, ಇದು ದೊಡ್ಡ ಕೊಡುಗೆ. ಆದ್ರೆ ಹತ್ತೊಂಬತ್ತನೇ ಶತಮಾನದ ಮೈಸೂರು ಸೀಮೆಯಲ್ಲಿ ಓದು ಬಲ್ಲವರು ನೂರಕ್ಕೆ ಹತ್ತು ಜನವೂ ಇರಲಿಲ್ಲ. ಲೈನ್ ಮನೆಯ ಮಟ್ಟಿಗೆ ಮಣಿಯೇ ಮುಂದೆ ಹೋಯ್ತು.

ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ಲ್ಯಾಟಿನ್

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು. 1960ರ ದಶಕದವರೆಗೆ ಪ್ರಪಂಚದ ಹೆಚ್ಚಿನ ಕಥೋಲಿಕ ಚರ್ಚುಗಳ ಹಾಗೆ ಇಲ್ಲೂ ಪೂಜೆ ನಡೀತಿದ್ದದ್ದು ಲ್ಯಾಟಿನ್ನಿನಲ್ಲಿ. ಪ್ರಸಂಗ, ಕೆಲವು ಹಾಡು ಜನರ ಮಾತಿನಲ್ಲಿ ಇರ್ತಿದ್ವು. ಪೂಜೆಯ ಮಾತು ಮಾತ್ರ ಲ್ಯಾಟಿನ್. ಅಂದ್ರೆ ಹಾಸನದ ಒಬ್ಬ ರೈತನಿಗೆ ದೇವರ ಜೊತೆ ತನ್ನ ಭಾಷೆಯಲ್ಲಿ ಮಾತಾಡೋ ಮುಖ್ಯ ಜಾಗ ಅವನ ಮನೆ.

ಆ ಮನೆಯ ಕನ್ನಡವನ್ನ ಗಮನಿಸಿ. ಜಪ, ಧ್ಯಾನ, ಪೂಜೆ, ಪ್ರಸಾದ ಇವೆಲ್ಲ ಈ ನೆಲದ್ದೇ ಪದಗಳು. ಈಸ್ಟರ್ ಮೊದಲಿನ ನಲವತ್ತು ದಿನದ ಉಪವಾಸದ ಕಾಲಕ್ಕೆ ತಪಸ್ಸುಕಾಲ ಅಂತಾರೆ. ಶಿಲುಬೆ ಅನ್ನೋ ಪದದ ಬೇರು ಸಿರಿಯಾಕ್ ಭಾಷೆಯಲ್ಲಿ, ಪಾದ್ರಿ, ಇಗರ್ಜಿ ಬಂದದ್ದು ಪೋರ್ಚುಗೀಸಿನಿಂದ. ಇಷ್ಟೂ ಕಡೆಯ ಪದಗಳು ಒಂದೇ ಉಸಿರಿನಲ್ಲಿ ಕನ್ನಡವಾಗಿ ಬರ್ತವೆ. ಯಾರೋ ಪಂಡಿತರು ಕೂತು ಮಾಡಿದ ಕೆಲಸ ಇದರಲ್ಲಿ ಸ್ವಲ್ಪ, ಸಂಜೆ ಸಂಜೆ ಹೇಳಿ ಹೇಳಿ ಸವೆಸಿದವರ ಕೆಲಸ ಬಹಳ.

1963ರಲ್ಲಿ ಎರಡು ವಿಷಯ ಹೆಚ್ಚುಕಡಿಮೆ ಒಟ್ಟಿಗೆ ನಡೆದ್ವು. ನವೆಂಬರ್‌ನಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು, ಹಾಸನ ಜಿಲ್ಲೆಯೂ ಅದರೊಳಗೆ ಬಂತು. ಡಿಸೆಂಬರ್ 4ರಂದು ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆ ಬಳಸೋಕೆ ದಾರಿ ತೆರೆಯಿತು. ಮುಂದಿನ ಕೆಲವೇ ವರ್ಷದಲ್ಲಿ ಗುರುಗಳು ಪೀಠದ ಮೇಲೆ ಕನ್ನಡ ಮಾತಾಡಿದ್ರು. ಮನೆಯಲ್ಲಿ ಮುನ್ನೂರು ವರ್ಷದಿಂದ ಸಿದ್ಧವಾಗಿದ್ದ ಭಾಷೆ ಚರ್ಚಿನೊಳಗೆ ಬಂತು.

ನೀರು ಬಂದಾಗ

ಅದೇ ಹೊತ್ತಿಗೆ ಗೊರೂರಿನಲ್ಲಿ ಅಣೆಕಟ್ಟಿನ ಕೆಲಸ ಶುರುವಾಯ್ತು. 1979ರಲ್ಲಿ ಮುಗೀತು. ಸುಮಾರು 37 ಟಿಎಂಸಿ ನೀರು ಹಿಡಿಯೋ ಜಲಾಶಯ. ಕೆಳಗಿನ ಬಯಲಿಗೆ ನೀರು ಬಂತು, ಮೇಲಿನ ಹಳ್ಳಿಗಳು ಎದ್ದು ಹೋದ್ವು. ಶೆಟ್ಟಿಹಳ್ಳಿಯವರೂ ಮನೆ, ಗದ್ದೆ, ಚರ್ಚ್ ಬಿಟ್ಟು ಬೇರೆ ಕಡೆ ನೆಲೆಯಾದ್ರು. ಇದು ಬರೀ ಕ್ರೈಸ್ತರ ನೋವಲ್ಲ, ಆ ಹಿನ್ನೀರಿನಲ್ಲಿ ಎಲ್ಲ ಜಾತಿ ಧರ್ಮದವರ ಮನೆ, ದೇವಸ್ಥಾನ, ಹಿರಿಯರನ್ನ ಮಣ್ಣು ಮಾಡಿದ ಜಾಗ ಎಲ್ಲ ಇದೆ.

ಆ ಕಟ್ಟಡ ಇನ್ನೂ ನಿಂತಿದೆ, ವರ್ಷವರ್ಷ ಸ್ವಲ್ಪ ಸ್ವಲ್ಪ ಕಳಚಿಕೊಳ್ತಾ. ಬೇಸಿಗೆಯಲ್ಲಿ ಒಣನೆಲದ ಮೇಲೆ, ಮಳೆಗಾಲದಲ್ಲಿ ನೀರಿನ ಮಧ್ಯೆ. ಉಳಿಸಬೇಕು ಅನ್ನೋ ಮಾತು ಆಗಾಗ ಬರುತ್ತೆ, ಉಳಿಸಲೇಬೇಕು ಕೂಡ. ಆದ್ರೆ ಅಲ್ಲಿಂದ ಎದ್ದು ಹೋದವರು ತಗೊಂಡು ಹೋದದ್ದು ಏನು ಅಂತ ಯೋಚಿಸಿ. ಕಮಾನು ಹೊತ್ತುಕೊಂಡು ಹೋಗೋಕಾಗಲ್ಲ. ಹೊಸ ಊರಿನ ಮೊದಲ ಸಂಜೆಗೆ ಅವರ ಹತ್ತಿರ ಇದ್ದದ್ದು ಆ ಎರಡು ತುಂಡಿನ ಪ್ರಾರ್ಥನೆ. ಒಬ್ಬರು ಶುರು ಮಾಡಿದ್ರೆ ಇನ್ನೊಬ್ಬರು ಮುಗಿಸೋದು.

ಈಗ ಆಗ್ತಿರೋದು

ಈ ಎಪಿಸೋಡ್ ನಾನು ಯಾಕೆ ಮಾಡಿದೆ ಅಂತ ಈಗ ಹೇಳ್ತೀನಿ.

ಇವತ್ತು ದಿನದ ಪ್ರಾರ್ಥನೆಗೆ ಬೇಕಾದ್ದೆಲ್ಲ ಫೋನಿನಲ್ಲಿದೆ. ಕನ್ನಡ ಬೈಬಲ್ ಇದೆ, ಯೂಟ್ಯೂಬಿನಲ್ಲಿ ಜಪಮಾಲೆ ಇದೆ, ವಾಟ್ಸಾಪ್ ಗ್ರೂಪಿನಲ್ಲಿ ದಿನದ ಧ್ಯಾನ ಬರುತ್ತೆ. ಸಕಲೇಶಪುರದ ಹುಡುಗಿ ಬೆಂಗಳೂರಿನ ಪಿಜಿಯಲ್ಲಿ, ಆಲೂರಿನ ಹುಡುಗ ದುಬೈನಲ್ಲಿ ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲೇ ಪ್ರಾರ್ಥನೆ ಮಾಡಬಹುದು. ಇದನ್ನ ನಾನು ಹಗುರವಾಗಿ ನೋಡಲ್ಲ. ಲೈನ್ ಮನೆಯ ಕಾಲದಲ್ಲಿ ಮಣಿ ಮಾಡಿದ ಕೆಲಸವನ್ನೇ ಈಗ ಫೋನ್ ಮಾಡ್ತಿದೆ. ಚರ್ಚ್ ದೂರ ಇದ್ದವರಿಗೆ ಜೇಬಿನಲ್ಲಿ ಒಂದು ಚರ್ಚ್.

ಒಂದು ವ್ಯತ್ಯಾಸ ಮಾತ್ರ ಇದೆ. ಫೋನಿಗೆ ನಿಮ್ಮ ಎರಡನೇ ಅರ್ಧ ಬೇಡ. ಯೂಟ್ಯೂಬಿನ ದನಿ ಮೊದಲರ್ಧವನ್ನೂ ಹೇಳುತ್ತೆ, ಎರಡನೇದನ್ನೂ ಹೇಳುತ್ತೆ. ನೀವು ಸುಮ್ಮನಿದ್ರೂ ಮುಗಿಯುತ್ತೆ. ಫಾರ್ವರ್ಡ್ ಆದ ವಚನ ಓದದಿದ್ರೂ ನೀಲಿ ಗೆರೆ ಬೀಳುತ್ತೆ. ಇಲ್ಲಿಯವರೆಗೆ ನೋಡಿದ ಕತೆಯಲ್ಲಿ ಪ್ರಾರ್ಥನೆಯನ್ನ ಉಳಿಸಿದ್ದು, ಅದು ಇನ್ನೊಬ್ಬರಿಲ್ಲದೆ ನಡೆಯೋದಿಲ್ಲ ಅನ್ನೋ ಆ ಸಣ್ಣ ವ್ಯವಸ್ಥೆ. ಮಗು ಉತ್ತರ ಕೊಡದಿದ್ರೆ ಅಜ್ಜಿ ನಿಲ್ಲಿಸ್ತಿದ್ರು. ಕಾಯ್ತಿದ್ರು. ಆ ಕಾಯುವಿಕೆಯಲ್ಲೇ ಕಲಿಕೆ ಇತ್ತು. ಕೇಳೋದು ಸುಲಭವಾದಷ್ಟೂ ಉತ್ತರ ಕೊಡೋರು ಕಡಿಮೆಯಾಗ್ತಿದ್ದಾರಾ ಅನ್ನೋದು ನನ್ನ ಚಿಂತೆ.

ಇನ್ನೊಂದು ವಿಷಯ. ಚಿನ್ನಮಿ, ದುಬೊಯ್, ಹ್ಯಾಂಡ್ಸ್, ಕಿಟ್ಟೆಲ್ ಇವರ ಹೆಸರು ಪುಸ್ತಕದಲ್ಲಿದೆ, ನಾನೂ ಅಲ್ಲಿಂದಲೇ ಹೇಳ್ದೆ. ಸಾತಳ್ಳಿ, ಶೆಟ್ಟಿಹಳ್ಳಿ, ಸಕಲೇಶಪುರದ ತೋಟಗಳಲ್ಲಿ ಸಂಜೆ ಜಪ ಶುರು ಮಾಡ್ತಿದ್ದ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇಷ್ಟು ತಲೆಮಾರು ದಾಟಿಸಿದವರು ಅವರೇ. ಅವರ ಬಾಯಲ್ಲಿರೋ ಹಳೆಯ ಪ್ರಾರ್ಥನೆಗಳ ಕನ್ನಡ ಈಗಿನ ಅಚ್ಚಿನ ಪುಸ್ತಕದ ಕನ್ನಡಕ್ಕಿಂತ ಎಷ್ಟೋ ಕಡೆ ಬೇರೆ ಇರುತ್ತೆ. ಆ ದನಿಗಳು ಹೋದ್ರೆ ಅದನ್ನ ಹಿನ್ನೀರಿನಿಂದ ಎತ್ತೋಕಾಗಲ್ಲ, ಬೇಸಿಗೆ ಬಂದ್ರೂ ಮೇಲೆ ಕಾಣೋದಿಲ್ಲ.

ಹಾಗಾಗಿ ಕೇಳ್ತಿರೋ ನಿಮಗೊಂದು ಕೆಲಸ ಕೊಡ್ತೀನಿ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ, ನೀವು ಚಿಕ್ಕವರಿದ್ದಾಗ ಯಾವ ಪ್ರಾರ್ಥನೆ ಹೇಳ್ತಿದ್ರಿ, ಯಾರು ಕಲಿಸಿದ್ರು ಅಂತ. ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ. ಕ್ರೈಸ್ತರ ಮನೆಗೆ ಮಾತ್ರ ಈ ಮಾತು ಅಲ್ಲ, ಸಂಜೆ ದೀಪ ಹಚ್ಚಿ ಹಾಡು ಹೇಳೋ ಮನೆಗೂ, ಮಕ್ಕಳಿಗೆ ದುವಾ ಕಲಿಸೋ ಮನೆಗೂ ಇದೇ ಮಾತು. ಬೈಲೈಟ್ ಹಾಕಿ ವಿಡಿಯೋ ಮಾಡೋ ಅಗತ್ಯ ಇಲ್ಲ, ದನಿ ಸಾಕು. ಅವರು ಮೊದಲರ್ಧ ಹೇಳಿ ನಿಲ್ಲಿಸಿದ್ರೆ ಫೋನ್ ಕೆಳಗಿಟ್ಟು ಎರಡನೇ ಅರ್ಧ ನೀವು ಹೇಳಿ.

ಮುಂದಿನ ವಾರ ಇನ್ನೊಂದು ಊರಿನ ಕತೆ ಜೊತೆ ಸಿಗೋಣ. ಅಲ್ಲಿವರೆಗೆ ಹುಷಾರಾಗಿರಿ, ನಮಸ್ಕಾರ.